ಬೇರಿನ ಮೇಲಿನ ತುಕ್ಕು: ಒಂದು ಜೌಗು ಹುಲ್ಲುಗಾವಲಿನ ರಿಪೇರಿ

ಗೆಳೆಯನ ಜಮೀನಿನ ತಗ್ಗಿನಲ್ಲಿ ಒಂದು ಹುಲ್ಲಿನ ಬಯಲಿದೆ. 80 ಮೀಟರ್ ಉದ್ದ, 45 ಮೀಟರ್ ಅಗಲ. ನಟ್ಟನಡುವೆ ಒಂದು ಬಸಿಗಾಲುವೆ, ಮುಕ್ಕಾಲು ಮೀಟರ್ ಆಳ, ಅಷ್ಟೇ ಅಗಲ. ಜಾಗ ಒಣಗಲಿ ಅಂತ ಇಪ್ಪತ್ತು ವರ್ಷದ ಹಿಂದೆ ತೋಡಿಸಿದ್ದು. ಒಣಗಿದ ಮೇಲೆ ಮೇವಿನ ಹುಲ್ಲು ಹಾಕಿದರು. ಏಳೆಂಟು ವರ್ಷ ಗೊಬ್ಬರ ಕೊಟ್ಟರು. ಆಮೇಲೆ ಕೈಬಿಟ್ಟರು. ನಾವು ಮೊದಲ ಸಲ ಒಳಗೆ ಕಾಲಿಟ್ಟಾಗ ಕಂಡದ್ದು ಎದೆಮಟ್ಟದ ಒಂದೇ ಜಾತಿ ಹುಲ್ಲು. ಅದರ ಬುಡದಲ್ಲಿ ಕೊಳೆಯುತ್ತಿದ್ದ ಹಳೆ ಹುಲ್ಲಿನ ಹಾಸಿಗೆ. ಅದರ ಕೆಳಗೆ ಬೆಳಕೇ ಇಲ್ಲ.

ಮೊದಲು ಇದು ಹೇಗಿತ್ತು ಅಂತ ಪಕ್ಕದ ಮನೆಯ ಅಜ್ಜಿಯನ್ನು ಕೇಳಿದೆ. ಅವರು ಚಿಕ್ಕಂದಿನಿಂದ ಇಲ್ಲಿ ಹುಲ್ಲು ಕೊಯ್ದವರು. "ಕಾಲಿಟ್ರೆ ಪಚ್ ಅನ್ನೋದು ಮಗಾ. ಮಳೆ ನಿಲ್ಲೋ ಹೊತ್ತಿಗೆ ನೆಲ ಕಾಣ್ತಿರಲಿಲ್ಲ, ಬರೀ ಹೂವು. ಒಂದು ಹಿಡಿ ಕೊಯ್ದ್ರೆ ಹತ್ತು ತರದ ಎಲೆ ಕೈಗೆ ಬರ್ತಿತ್ತು" ಅಂದರು. ಆ ಹತ್ತು ತರದ ಎಲೆ ವಾಪಸ್ ಬರಬಹುದಾ ಅಂತ ನೋಡೋಣ ಅಂದುಕೊಂಡು ಕೆಲಸಕ್ಕೆ ಇಳಿದೆವು. ಮೂರು ವರ್ಷ ಆಯಿತು. ಏನು ಮಾಡಿದೆವು, ಎಲ್ಲಿ ತಪ್ಪಿದೆವು ಅಂತ ಬರೆದಿಡುತ್ತಿದ್ದೇನೆ. ಇಂಥದ್ದೇ ತುಂಡು ಕೈಯಲ್ಲಿರುವ ಇನ್ನೊಬ್ಬರಿಗೆ ನಮ್ಮ ಒಂದು ವರ್ಷದ ತಪ್ಪು ಉಳಿಯಲಿ.

ಮೊದಲ ವರ್ಷ, ಮಳೆಗೆ ಎರಡು ತಿಂಗಳು ಮುಂಚೆ

ಗುದ್ದಲಿ ಹಿಡಿಯುವ ಮೊದಲ ದಿನ ಕಾಲುವೆಯನ್ನು ಮುಟ್ಟಲಿಲ್ಲ. ಬಯಲಿನ ಮೂರು ಕಡೆ ಮೊಣಕಾಲುದ್ದದ ಗುಂಡಿ ತೋಡಿ, ಒಂದು ಬದಿಯನ್ನು ಚಾಕುವಿನಿಂದ ನುಣ್ಣಗೆ ಕೆರೆದು ಮಣ್ಣು ನೋಡಿದೆವು. ಇದನ್ನು ಯಾರೂ ಬಿಡಬಾರದು. ನೀರು ಹಿಂದೆ ಎಲ್ಲಿಯವರೆಗೆ ನಿಲ್ಲುತ್ತಿತ್ತು ಅನ್ನುವುದು ಮಣ್ಣಿನಲ್ಲೇ ಬರೆದಿರುತ್ತದೆ.

ಅದರ ಕಾರಣ ಕಬ್ಬಿಣ. ಗಾಳಿಯಾಡುವ ಮಣ್ಣಿನಲ್ಲಿ ಕಬ್ಬಿಣ ತುಕ್ಕಿನ ರೂಪದಲ್ಲಿರುತ್ತದೆ, ಕೆಂಪು ಅಥವಾ ಕಂದು. ಮಣ್ಣು ನೀರಿನಲ್ಲಿ ಮುಳುಗಿದರೆ ಒಳಗಿನ ಆಮ್ಲಜನಕ ಬೇಗ ಖಾಲಿಯಾಗುತ್ತದೆ. ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಗಾಳಿಗಿಂತ ಸುಮಾರು 10,000 ಪಟ್ಟು ಕಮ್ಮಿ, ಹಾಗಾಗಿ ಮೇಲಿಂದ ಹೊಸದು ಬರುವುದಿಲ್ಲ. ಆಗ ಮಣ್ಣಿನ ಬ್ಯಾಕ್ಟೀರಿಯಾ ಉಸಿರಾಟಕ್ಕೆ ತುಕ್ಕನ್ನೇ ಬಳಸಿಕೊಳ್ಳುತ್ತವೆ. ಕಬ್ಬಿಣ ಕರಗುತ್ತದೆ, ಮಣ್ಣು ಬೂದು ಬಣ್ಣಕ್ಕೆ ತಿರುಗುತ್ತದೆ. ನೀರು ಏರಿ ಇಳಿಯುವ ಪಟ್ಟಿಯಲ್ಲಿ ಎರಡೂ ಸೇರಿ, ಬೂದು ಮಣ್ಣಿನ ನಡುವೆ ಕಿತ್ತಳೆ ಚುಕ್ಕೆಗಳು ಕಾಣುತ್ತವೆ. ನಮ್ಮ ಗುಂಡಿಗಳಲ್ಲಿ ಈ ಚುಕ್ಕೆಗಳು ಮೇಲಿಂದ 12 ಸೆಂಟಿಮೀಟರ್‌ಗೇ ಶುರುವಾಗಿದ್ದವು. 50 ಸೆಂಟಿಮೀಟರ್ ಕೆಳಗೆ ಪೂರ್ತಿ ಬೂದು. ಅಂದರೆ ಕಾಲುವೆ ತೋಡುವ ಮುಂಚೆ ನೀರು ಹೆಚ್ಚುಕಮ್ಮಿ ನೆಲದ ಮಟ್ಟಕ್ಕೇ ಬರುತ್ತಿತ್ತು. ಅಜ್ಜಿ ಹೇಳಿದ "ಪಚ್" ಅಲ್ಲಿತ್ತು.

ಈಗ ನೀರು ಎಲ್ಲಿದೆ ಅಂತ ತಿಳಿಯಲು ಆರು ನೀರುಕೊಳವೆ ಮಾಡಿದೆವು. 50 ಮಿಲಿಮೀಟರ್‌ನ ಪಿವಿಸಿ ಪೈಪು, ಒಂದೊಂದು ಒಂದೂಕಾಲು ಮೀಟರ್. ಕೆಳಗಿನ 90 ಸೆಂಟಿಮೀಟರ್‌ಗೆ ಡ್ರಿಲ್‌ನಿಂದ ಸಣ್ಣ ತೂತು, ತಳಕ್ಕೆ ಮುಚ್ಚಳ. ಮಣ್ಣು ಒಳಗೆ ಬರದಂತೆ ಹಳೆಯ ತೆಳು ಬಟ್ಟೆ ಸುತ್ತಿ ದಾರ ಕಟ್ಟಿದ್ದು. ಕಾಲುವೆಗೆ ಅಡ್ಡವಾಗಿ, ಈ ಕಡೆ ಮೂರು ಆ ಕಡೆ ಮೂರು, 2, 8 ಮತ್ತು 18 ಮೀಟರ್ ದೂರದಲ್ಲಿ ಇಳಿಸಿದೆವು. ಬಾಯಿಯ ಸುತ್ತ ಒಂದು ಗೇಣು ಆಳಕ್ಕೆ ಜೇಡಿಮಣ್ಣು ಮೆತ್ತಬೇಕು. ಇಲ್ಲದಿದ್ದರೆ ಮಳೆನೀರು ಪೈಪಿನ ಪಕ್ಕದಿಂದ ನೇರ ಒಳಗಿಳಿದು ಲೆಕ್ಕ ಕೆಡುತ್ತದೆ.

ಅಳೆಯುವ ವಿಧಾನ ಸುಲಭ. ಸಣ್ಣ ಪ್ಲಾಸ್ಟಿಕ್ ಟ್ಯೂಬಿಗೆ ಸೆಂಟಿಮೀಟರ್ ಗುರುತು ಹಾಕಿ, ಒಂದು ತುದಿ ಬಾಯಲ್ಲಿಟ್ಟು ಊದುತ್ತಾ ಪೈಪಿನೊಳಗೆ ಇಳಿಸುವುದು. ತುದಿ ನೀರಿಗೆ ತಾಗಿದ ಕೂಡಲೇ ಗುಳುಗುಳು ಸದ್ದು. ಆ ಕ್ಷಣ ಗುರುತು ಓದಿಕೊಳ್ಳುವುದು. ವಾರಕ್ಕೊಂದು ಸಲ, ಆರು ಕೊಳವೆಗೆ ಹತ್ತು ನಿಮಿಷ.

ಗಿಡದ ಎಣಿಕೆಗೆ ಪೈಪು ಮತ್ತು ಎಲ್ಬೋ ಸೇರಿಸಿ ಒಂದು ಮೀಟರ್ ಚೌಕಟ್ಟು ಮಾಡಿದೆವು. ಹತ್ತು ಕಡೆ ಇಟ್ಟು ಎಣಿಸಿದರೆ ಸರಾಸರಿ 6 ಜಾತಿ. ಅದೇ ತಗ್ಗಿನ ಬದಿಯಲ್ಲಿ, ಸ್ವಲ್ಪ ಮೇಲೆ, ಯಾವತ್ತೂ ಉಳದ, ಗೊಬ್ಬರ ಕಾಣದ ಒಂದು ಪುಟ್ಟ ತುಂಡು ಉಳಿದಿದೆ. ಅಲ್ಲಿ ಅದೇ ಚೌಕಟ್ಟು ಇಟ್ಟೆವು: 31. ಮಂಡಿಯೂರಿ ಎಣಿಸಿ ಮುಗಿಸುವುದಕ್ಕೆ ಒಂದೂವರೆ ಗಂಟೆ ಬೇಕಾಯಿತು. ಎಲೆಗಳನ್ನು ಬೆರಳಿನಿಂದ ಸರಿಸಿದಷ್ಟೂ ಕೆಳಗೆ ಇನ್ನೊಂದು ಇರುತ್ತಿತ್ತು. ಆ ಸಂಜೆ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ಏನು ಕಳೆದುಹೋಗಿದೆ ಅಂತ ಅಂಕಿಯಲ್ಲಿ ಕಂಡದ್ದು ಅವತ್ತೇ.

ನಾವು ಮಾಡಿದ ತಪ್ಪು

ಕಾಲುವೆ ಮುಚ್ಚಿದರೆ ಸಾಕು, ನೀರು ಬರುತ್ತದೆ, ಗಿಡ ಬರುತ್ತವೆ ಅಂದುಕೊಂಡಿದ್ದೆವು. ಕೆಳತುದಿಯಲ್ಲಿ ಒಂದೇ ಒಂದು ದೊಡ್ಡ ಕಟ್ಟೆ ಹಾಕಿದೆವು. ಒಂದು ಮೀಟರ್ ದಪ್ಪ, ಮಣ್ಣು ಮತ್ತು ಕಲ್ಲು.

ಮಳೆ ಬಂತು. ಕೆಳಗಿನ ಮೂರನೇ ಒಂದು ಭಾಗ ಮೊಣಕಾಲುಮಟ್ಟ ಮುಳುಗಿತು. ಮೇಲಿನ ಅರ್ಧ ಒಣಗಿಯೇ ಇತ್ತು, ಯಾಕೆಂದರೆ ಅಲ್ಲಿ ಕಾಲುವೆ ಇನ್ನೂ ತೆರೆದೇ ಇತ್ತಲ್ಲ. ಮುಳುಗಿದ ಕಡೆ ಮೇವಿನ ಹುಲ್ಲು ಕೊಳೆತು, ಕೊಳೆತ ಮೊಟ್ಟೆಯ ವಾಸನೆ. ಅದು ಹೈಡ್ರೋಜನ್ ಸಲ್ಫೈಡ್, ಹೆಚ್ಚಿನ ಬೇರುಗಳಿಗೆ ವಿಷ. ನೀರಿನ ಮೇಲೆ ಹಸಿರು ಪಾಚಿ ಕಟ್ಟಿತು. ಎರಡು ತಿಂಗಳಲ್ಲಿ ಆಪು ಅನ್ನುವ ಜೊಂಡು ಹುಟ್ಟಿತು, ನೋಡನೋಡುತ್ತಾ ಆಳೆತ್ತರ ಬೆಳೆಯಿತು. ಒಂದು ಜೋರು ಮಳೆಯ ರಾತ್ರಿ ನೀರು ಕಟ್ಟೆಯ ಹೆಗಲು ಕೊರೆದು ಪಕ್ಕದಿಂದ ಹೋಯಿತು. ಕಟ್ಟೆ ಮಾತ್ರ ಒಬ್ಬಂಟಿಯಾಗಿ ನಿಂತಿತ್ತು.

ಹೆಗಲು ಕೊರೆದದ್ದು ಕಟ್ಟುವ ರೀತಿಯ ತಪ್ಪು. ಆಪು ಬಂದದ್ದು ಅದಕ್ಕಿಂತ ದೊಡ್ಡ ತಪ್ಪು, ಅದನ್ನು ಅರ್ಥ ಮಾಡಿಕೊಳ್ಳಲು ನಮಗೆ ಇಡೀ ಮಳೆಗಾಲ ಹಿಡಿಯಿತು. ಗೊಬ್ಬರದಲ್ಲಿ ಬಂದ ರಂಜಕ (ಫಾಸ್ಫರಸ್) ಮಣ್ಣಿನ ತುಕ್ಕಿಗೆ ಅಂಟಿಕೊಂಡು ಕೂತಿರುತ್ತದೆ. ಒಣ ಮಣ್ಣಿನಲ್ಲಿ ಅದು ಭದ್ರ. ಮುಳುಗಿಸಿದಾಗ ತುಕ್ಕು ಕರಗುತ್ತದೆ ಅಂದೆನಲ್ಲ? ತುಕ್ಕಿನ ಜೊತೆ ರಂಜಕವೂ ಬಿಡುಗಡೆಯಾಗುತ್ತದೆ. ಏಳೆಂಟು ವರ್ಷದ ಗೊಬ್ಬರದ ಉಳಿಕೆಯನ್ನು ನಾವು ಒಂದೇ ಸಲ ನೀರಿಗೆ ಬಿಟ್ಟಿದ್ದೆವು. ಅಂಥ ಕೊಬ್ಬಿದ ನೀರು ಆಪುವಿಗೆ ಹಬ್ಬ. ಸಣ್ಣ ಗಿಡಗಳಿಗೆ ಅಲ್ಲಿ ಜಾಗವೇ ಇಲ್ಲ.

ಮೊದಲು ಫಲವತ್ತು ಇಳಿಸಬೇಕು, ಆಮೇಲೆ ನೀರು ಏರಿಸಬೇಕು. ಏರಿಸುವಾಗಲೂ ಮುಳುಗಿಸಬಾರದು, ಬೇರಿನ ಮಟ್ಟಕ್ಕೆ ತಂದು ನಿಲ್ಲಿಸಬೇಕು. ನಮ್ಮ ಇಡೀ ಕೆಲಸದ ತಿರುಳು ಇಷ್ಟೇ.

ಫಲವತ್ತು ಒಳ್ಳೆಯದಲ್ವಾ ಅಂತ ಬಹಳ ಜನ ಕೇಳಿದ್ದಾರೆ. ಬೆಳೆಗೆ ಒಳ್ಳೆಯದು. ಹಲವು ಜಾತಿ ಒಟ್ಟಿಗೆ ಬಾಳಬೇಕಾದ ಕಡೆ ಅಲ್ಲ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1856ರಲ್ಲಿ ಶುರುವಾದ ಪಾರ್ಕ್ ಗ್ರಾಸ್ ಪ್ರಯೋಗ ಇವತ್ತಿಗೂ ನಡೆಯುತ್ತಿದೆ. ಅದು ಜೌಗು ನೆಲವಲ್ಲ, ಆದರೂ ಪಾಠ ಒಂದೇ. ಗೊಬ್ಬರ ಕಾಣದ ತುಂಡುಗಳಲ್ಲಿ 40ರ ಆಸುಪಾಸು ಜಾತಿಗಳಿವೆ. ಅಮೋನಿಯಂ ಗೊಬ್ಬರ ಜಾಸ್ತಿ ಬಿದ್ದು ಮಣ್ಣು ಹುಳಿಯಾದ ತುಂಡುಗಳಲ್ಲಿ ಉಳಿದಿರುವುದು ಎರಡು ಮೂರು. ಯಾಕೆ ಹೀಗೆ ಅನ್ನುವುದಕ್ಕೆ 2009ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಒಂದು ಸೊಗಸಾದ ಉತ್ತರ ಕೊಟ್ಟರು. ಗೊಬ್ಬರ ಹಾಕಿದ ಹುಲ್ಲಿನ ಬುಡದಲ್ಲಿ ದೀಪ ಇಟ್ಟರು. ಸಣ್ಣ ಗಿಡಗಳಿಗೆ ಬೆಳಕು ಸಿಕ್ಕಿತು, ಜಾತಿಗಳು ಉಳಿದವು. ಗೊಬ್ಬರ ನೇರವಾಗಿ ಕೊಲ್ಲುವುದಕ್ಕಿಂತ ಜಾಸ್ತಿ, ಎತ್ತರದವರ ನೆರಳು ಕೊಲ್ಲುತ್ತದೆ. ನಮ್ಮ ಬಯಲಿನಲ್ಲಿ ದೀಪ ಇಡುವುದಕ್ಕೆ ಆಗುವುದಿಲ್ಲ. ಕುಡುಗೋಲು ಇದೆ.

ಎರಡನೇ ವರ್ಷ: ಕೊಯ್ದು ಹೊರಗೆ ಹಾಕುವುದು

ಕೊಯ್ಯುವುದಕ್ಕಿಂತ ಹೊರಗೆ ಸಾಗಿಸುವುದು ಮುಖ್ಯ. ಕೊಯ್ದು ಅಲ್ಲೇ ಬಿಟ್ಟರೆ ಕೊಳೆತು ಮತ್ತೆ ಗೊಬ್ಬರವಾಗುತ್ತದೆ, ಮೇಲೆ ಹೊದಿಕೆಯೂ ಆಗುತ್ತದೆ. ಒಂದು ಟನ್ ಒಣಹುಲ್ಲಿನಲ್ಲಿ ಒಂದರಿಂದ ಎರಡು ಕಿಲೋ ರಂಜಕ, ಹತ್ತು ಕಿಲೋಗೂ ಜಾಸ್ತಿ ಸಾರಜನಕ ಇರುತ್ತದೆ. ನಾವು ಆ ವರ್ಷ ಎರಡು ಕೊಯ್ಲಿನಲ್ಲಿ ಸುಮಾರು ಎರಡೂವರೆ ಟನ್ ಹೊರಗೆ ಹಾಕಿದೆವು. ಅಂದರೆ ನಾಲ್ಕು ಕಿಲೋ ರಂಜಕದ ಹತ್ತಿರ ಹೊರಗೆ ಹೋಯಿತು. ಅಂಕಿ ಚಿಕ್ಕದು, ಮಣ್ಣಿನಲ್ಲಿ ಇನ್ನೂ ಎಷ್ಟೋ ಇದೆ. ಇದು ವರ್ಷ ವರ್ಷ ಮಾಡುತ್ತಲೇ ಇರಬೇಕಾದ ಕೆಲಸ.

ಮೊದಲನೆಯ ಕೊಯ್ಲು ಮೇವಿನ ಹುಲ್ಲು ತೆನೆ ಬಿಡುವ ಮುಂಚೆ. ಆಗ ಅದರ ಸತ್ವವೆಲ್ಲ ಮೇಲಿರುತ್ತದೆ, ಬೀಜವೂ ಬಿದ್ದಿರುವುದಿಲ್ಲ. ಎರಡನೆಯದು ಮಳೆ ಮುಗಿದು ನೆಲ ಗಟ್ಟಿಯಾದ ಮೇಲೆ. ನೆಲದಿಂದ ನಾಲ್ಕು ಬೆರಳು ಬಿಟ್ಟು ಕೊಯ್ದೆವು. ಟ್ರ್ಯಾಕ್ಟರ್ ಒಳಗೆ ಬಿಡಲಿಲ್ಲ. ಒದ್ದೆ ನೆಲದಲ್ಲಿ ಅದರ ಗಾಲಿ ಬಿದ್ದರೆ ಮಣ್ಣು ಅದುಮಿ ಹೋಗುತ್ತದೆ, ಆ ಗುರುತು ವರ್ಷಗಟ್ಟಲೆ ಮಾಯುವುದಿಲ್ಲ. ಹೊರೆ ಕಟ್ಟಿ ತಲೆಯ ಮೇಲೆ ಹೊತ್ತೇ ತಂದೆವು. ಅಂಚಿನಲ್ಲಿ ಪ್ರತಿಸಲ ಒಂದು ಪಟ್ಟಿ ಕೊಯ್ಯದೆ ಬಿಡುತ್ತೇವೆ, ಪ್ರತಿ ವರ್ಷ ಬೇರೆ ಬೇರೆ ಕಡೆ. ಚಿಟ್ಟೆಯ ಮೊಟ್ಟೆ, ಜೇಡ, ಕಪ್ಪೆ ಎಲ್ಲವಕ್ಕೂ ಆ ದಿನ ಓಡಿಹೋಗಲು ಒಂದು ಜಾಗ ಬೇಕಲ್ಲ.

ಮಣ್ಣು ಕೆರೆದು ತೆಗೆಯುವುದನ್ನೂ ಒಂದು ಕಡೆ ಪರೀಕ್ಷೆ ಮಾಡಿದೆವು. 10 ಮೀಟರ್ ಚೌಕ, ಮೇಲಿನ 15 ಸೆಂಟಿಮೀಟರ್ ಪೂರ್ತಿ. ಲೆಕ್ಕ ಹಾಕಿದರೆ 15 ಘನ ಮೀಟರ್ ಮಣ್ಣು. ನಾಲ್ಕು ಜನಕ್ಕೆ ಐದು ದಿನ. ಈ ಮಣ್ಣನ್ನು ಕಾಲುವೆಗೆ ತುಂಬಬೇಡಿ, ಕೈ ತುರಿಸಿದರೂ ತುಂಬಬೇಡಿ. ಅದರಲ್ಲಿರುವ ರಂಜಕ ಬಸಿದು ಮತ್ತೆ ಬಯಲಿಗೇ ಬರುತ್ತದೆ. ನಾವು ಎತ್ತರದ ಜಾಗದಲ್ಲಿ, ಬಯಲಿನ ಆಚೆ ಹಾಕಿದೆವು. ಕೆರೆದ ಜಾಗ ಮೊದಲ ನೋಟಕ್ಕೆ ಗಾಯದ ಹಾಗೆ ಕಾಣುತ್ತಿತ್ತು. ಇಷ್ಟು ಚೆನ್ನಾಗಿರುವ ಕರಿ ಮಣ್ಣು ತೆಗೆಯುತ್ತಿದ್ದೇವಲ್ಲ ಅಂತ ನನಗೆ ಸಂಕಟ ಆಗಿದ್ದು ನಿಜ.

ಐದು ಅಡ್ಡಗಟ್ಟೆ

ಈ ಸಲ ಕಟ್ಟೆ ಒಂದಲ್ಲ, ಐದು. ಲೆಕ್ಕ ಹೀಗೆ: ಗಾರೆ ಕೆಲಸದವರು ಬಳಸುವ ಲೆವೆಲ್ ಪೈಪು ತಂದು ಕಾಲುವೆಯ ಉದ್ದಕ್ಕೂ ಮಟ್ಟ ಹಿಡಿದೆವು. 80 ಮೀಟರ್‌ಗೆ 65 ಸೆಂಟಿಮೀಟರ್ ಇಳಿಜಾರು. ಒಂದೊಂದು ಕಟ್ಟೆಯ ಮೇಲೆ ಕೆಳಗೆ ನೀರಿನ ಮಟ್ಟದ ವ್ಯತ್ಯಾಸ ಒಂದು ಗೇಣಿಗಿಂತ ಕಮ್ಮಿ ಇರಬೇಕು. ಜಾಸ್ತಿಯಾದರೆ ಒತ್ತಡಕ್ಕೆ ನೀರು ದಾರಿ ಹುಡುಕುತ್ತದೆ. 65ನ್ನು ಐದಕ್ಕೆ ಭಾಗಿಸಿದರೆ 13. ಹಾಗಾಗಿ 16 ಮೀಟರ್‌ಗೊಂದು ಕಟ್ಟೆ. ಕೆಳಗಿನ ಕಟ್ಟೆಯ ಹಿಂದೆ ನಿಂತ ನೀರು ಮೇಲಿನ ಕಟ್ಟೆಯ ಬುಡವನ್ನು ಮುಟ್ಟಬೇಕು. ಮೆಟ್ಟಿಲಿನ ಹಾಗೆ. ಹಾಗೆ ಮಾಡಿದರೆ ಇಡೀ ಬಯಲಿನಲ್ಲಿ ನೀರು ಹೆಚ್ಚುಕಮ್ಮಿ ಒಂದೇ ಆಳದಲ್ಲಿ ನಿಲ್ಲುತ್ತದೆ.

ಕಟ್ಟುವ ಕ್ರಮದಲ್ಲಿ ನಮಗೆ ಮುಖ್ಯ ಅನಿಸಿದ್ದು ಕಚ್ಚು. ಕಾಲುವೆಯ ಎರಡೂ ಗೋಡೆಗೆ ಅರ್ಧ ಮೀಟರ್ ಒಳಗೆ, ತಳಕ್ಕೆ ಒಂದು ಗೇಣು ಕೆಳಗೆ ಅಗೆದು, ಕಟ್ಟೆಯನ್ನು ಅದರೊಳಗೆ ಕೂರಿಸಬೇಕು. ಮೊದಲ ವರ್ಷ ಇದನ್ನು ಮಾಡಿರಲಿಲ್ಲ, ಹೆಗಲು ಕೊರೆದದ್ದು ಅದಕ್ಕೇ. ಅಗೆಯುವ ಮುಂಚೆ ತಳದ ಹೂಳು, ಬೇರು, ಕೊಳೆತ ಎಲೆ ಎಲ್ಲ ಬಾಚಿ ತೆಗೆಯಬೇಕು. ಮೆತ್ತನೆ ಹೂಳಿನ ಮೇಲೆ ಏನು ಕಟ್ಟಿದರೂ ಅಡಿಯಿಂದ ಸೋರುತ್ತದೆ.

ಜೇಡಿಮಣ್ಣು ಅದೇ ಜಾಗದ್ದು. ಬಯಲಿನಾಚೆ ಒಂದು ಗುಂಡಿ ತೋಡಿ, ಮೇಲ್ಮಣ್ಣು ಬದಿಗಿಟ್ಟು ಕೆಳಗಿನ ಬೂದು ಜೇಡಿ ತಂದೆವು. ಮುಷ್ಟಿಯಲ್ಲಿ ಹಿಸುಕಿ ಬಳ್ಳಿಯ ಹಾಗೆ ಉದ್ದ ಮಾಡಿದರೆ ಮುರಿಯಬಾರದು, ಅದು ಸರಿಯಾದ ಹದ. 15 ಸೆಂಟಿಮೀಟರ್‌ಗೊಂದು ಪದರ ಹಾಕಿ ಕಾಲಿನಲ್ಲಿ ತುಳಿದು, ಮರದ ಕೊರಡಿನಿಂದ ಕುಟ್ಟಿ, ಆಮೇಲೆ ಮುಂದಿನ ಪದರ. ಒಣಗಿದ ಹೆಂಟೆ ಸಿಕ್ಕಿದರೆ ಹೊರಗೆ ಎಸೆಯಿರಿ, ಅದರ ಸುತ್ತ ಗಾಳಿ ಉಳಿದು ನೀರಿಗೆ ದಾರಿಯಾಗುತ್ತದೆ. ನೆಲದ ಮಟ್ಟಕ್ಕಿಂತ ಒಂದು ಗೇಣು ಎತ್ತರಕ್ಕೆ ಏರಿಸಿದೆವು, ಒಂದು ಮಳೆಗಾಲದಲ್ಲಿ ಅಷ್ಟು ಕುಸಿಯುತ್ತದೆ. ಮೇಲೆ ಬೇರುಸಮೇತ ಕಿತ್ತ ಹುಲ್ಲಿನ ಹೆಂಟೆಗಳನ್ನು ಒತ್ತಾಗಿ ಜೋಡಿಸಿದೆವು.

ಪ್ರತಿ ಕಟ್ಟೆಗೂ ಕೋಡಿ ಇದೆ. ಕಟ್ಟೆಯ ಮೇಲೆ ಅಲ್ಲ, ಪಕ್ಕದ ಹುಲ್ಲಿನ ನೆಲದಲ್ಲಿ, ಎರಡು ಮೀಟರ್ ಅಗಲದ ತೆಳು ತಗ್ಗು. ಜೋರು ಮಳೆಯ ನೀರು ಅದರ ಮೇಲೆ ಹಾಸಿನ ಹಾಗೆ ಹರಡಿ ಹರಿಯುತ್ತದೆ, ಕೊರೆಯುವುದಿಲ್ಲ. ಅದು ಬಯಲನ್ನೂ ನೆನೆಸಿಕೊಂಡು ಹೋಗುತ್ತದೆ. ಇದರ ಮಟ್ಟ ಇಡುವುದಕ್ಕೆ ಎರಡು ದಿನ ತೆಗೆದುಕೊಂಡೆವು. ಇಡೀ ಕೆಲಸದಲ್ಲಿ ಅತಿ ನಾಜೂಕಾದ ಭಾಗ ಇದೇ. ಕೋಡಿ ಎರಡು ಬೆರಳು ಎತ್ತರವಾದರೆ ಮೇಲೆ ಬೆಳೆಯುವ ಗಿಡಗಳೇ ಬೇರೆ.

ಎರಡು ಬೆರಳಿಗೆ ಇಷ್ಟು ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂತ ಅನಿಸಬಹುದು. 1999ರಲ್ಲಿ ಜೊನಾಥನ್ ಸಿಲ್ವರ್‌ಟೌನ್, ಡೇವಿಡ್ ಗೋವಿಂಗ್ ಮತ್ತು ಜೊತೆಗಾರರು 'ನೇಚರ್' ಪತ್ರಿಕೆಯಲ್ಲಿ ಇಂಗ್ಲೆಂಡಿನ ಎರಡು ಜೌಗು ಹುಲ್ಲುಗಾವಲುಗಳ ಲೆಕ್ಕ ಕೊಟ್ಟರು. ಹೊರಗಿಂದ ನೋಡಿದರೆ ಚಪ್ಪಟೆ ಬಯಲು. ಒಳಗೆ ಒಂದೊಂದು ಜಾತಿಯೂ ತನಗೆ ಬೇಕಾದ ನೀರಿನ ಮಟ್ಟ ಹಿಡಿದು ನಿಂತಿತ್ತು. ಒಂದು ಕಡೆ ಬೇರಿಗೆ ಗಾಳಿ ಸಿಗದ ಕಷ್ಟ, ಇನ್ನೊಂದು ಕಡೆ ಬೇಸಿಗೆಯಲ್ಲಿ ನೀರು ಸಿಗದ ಕಷ್ಟ. ಈ ಎರಡು ಕಷ್ಟಗಳ ನಡುವೆ ಯಾರು ಯಾವುದನ್ನು ಎಷ್ಟು ತಡೆಯಬಲ್ಲರು ಅನ್ನುವುದರ ಮೇಲೆ ಜಾಗ ಹಂಚಿಹೋಗಿತ್ತು. ಇದನ್ನು ಓದಿದ ಮೇಲೆ ನಾವು ಬಯಲನ್ನು ಸಮತಟ್ಟು ಮಾಡುವ ಯೋಚನೆ ಪೂರ್ತಿ ಬಿಟ್ಟೆವು. ಹುಲ್ಲಿನ ಗುಪ್ಪೆ, ಹಸುವಿನ ಗೊರಸಿನ ಗುಳಿ, ಇರುವೆ ಎತ್ತಿದ ದಿಬ್ಬ, ಒಂದೊಂದೂ ಒಂದೊಂದು ಗಿಡದ ಮನೆ.

ಬೀಜ

ಕಟ್ಟೆ ಮುಗಿದ ಕೂಡಲೇ ಹೊಸ ಜಾತಿಗಳು ತಾವಾಗಿಯೇ ಬರಲಿ ಅಂತ ಕಾಯಬಹುದಿತ್ತು. ಹುಲ್ಲಿನ ಹಾಗೇ ಕಾಣುವ ಜೇಕಿನ ಬೀಜ, ಇನ್ನು ಕೆಲವು ಸಣ್ಣ ಬೀಜಗಳು ಮಣ್ಣಿನೊಳಗೆ ವರ್ಷಗಟ್ಟಲೆ ನಿದ್ದೆ ಮಾಡುತ್ತವೆ. ಆದರೆ ಹುಲ್ಲುಗಾವಲಿನ ಬಹಳಷ್ಟು ಗಿಡಗಳ ಬೀಜಕ್ಕೆ ಅಷ್ಟು ಆಯಸ್ಸಿಲ್ಲ. ಇಪ್ಪತ್ತು ವರ್ಷ ದೊಡ್ಡ ಅಂತರ.

ಹಾಗಾಗಿ ಹಸಿಹುಲ್ಲು ಹಾಸಿದೆವು. ಆ ಉಳಿದ ಪುಟ್ಟ ತುಂಡಿನಲ್ಲಿ ಬೀಜ ಬಲಿತ ವಾರ, ಬೆಳಿಗ್ಗೆ ಇಬ್ಬನಿ ಇರುವಾಗಲೇ ಕೊಯ್ದು, ಅದೇ ಮಧ್ಯಾಹ್ನ ತಂದು ನಮ್ಮ ಬಯಲಿನಲ್ಲಿ ಹರಡುವುದು. ಇಬ್ಬನಿ ಇದ್ದರೆ ಬೀಜ ಉದುರುವುದಿಲ್ಲ. ರಾಶಿ ಹಾಕಿ ರಾತ್ರಿ ಬಿಟ್ಟರೆ ಒಳಗೆ ಕಾವು ಹುಟ್ಟಿ ಬೀಜ ಸಾಯುತ್ತದೆ. ಹರಡುವ ಜಾಗದಲ್ಲಿ ಮೊದಲೇ ಹುಲ್ಲು ಬೋಳಾಗಿ ಕೊಯ್ದು, ಕುಂಟೆಯಿಂದ ಕೆರೆದು ಅರ್ಧದಷ್ಟು ಮಣ್ಣು ಕಾಣುವಂತೆ ಮಾಡಿದ್ದೆವು. ಈ ಬೀಜಗಳಲ್ಲಿ ಬಹಳಷ್ಟು ಸಾಸಿವೆಗಿಂತ ಎಷ್ಟೋ ಚಿಕ್ಕವು, ಬೆಳಕು ಮತ್ತು ಬರಿ ಮಣ್ಣು ಎರಡೂ ಸಿಕ್ಕಿದರೇ ಮೊಳಕೆ. ಹರಡಿದ ಹುಲ್ಲು ಐದು ಸೆಂಟಿಮೀಟರ್‌ಗಿಂತ ದಪ್ಪ ಇರಬಾರದು. ಎರಡು ವಾರ ಬಿಟ್ಟು, ಬೀಜ ಉದುರಿದ ಮೇಲೆ, ಹುಲ್ಲನ್ನು ಝಾಡಿಸಿ ಹೊರಗೆ ತೆಗೆದೆವು.

ಮೂಲ ತುಂಡಿನ ಮೂರನೇ ಒಂದು ಭಾಗದಿಂದ ಮಾತ್ರ ಕೊಯ್ದದ್ದು. ಉಳಿದದ್ದು ಅದರದ್ದೇ. ಒಂದು ಗಿಡವನ್ನೂ ಅಲ್ಲಿಂದ ಕಿತ್ತು ತಂದಿಲ್ಲ. ಹಬೆನೇರಿಯ ಅನ್ನುವ ನೆಲದ ಆರ್ಕಿಡ್ ಅಲ್ಲಿದೆ, ಬಿಳಿ ಹೂವು. ಕಿತ್ತು ತರುವ ಆಸೆ ಗೆಳೆಯನಿಗೆ ಬಂದಿತ್ತು. ಅದರ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಬುತ್ತಿ ಇಲ್ಲ. ಮಣ್ಣಿನಲ್ಲಿ ಸರಿಯಾದ ಶಿಲೀಂಧ್ರ ಇದ್ದು ಅದು ಉಣಿಸಿದರೆ ಮಾತ್ರ ಮೊಳಕೆ ಬೆಳೆಯುತ್ತದೆ. ಆ ಶಿಲೀಂಧ್ರ ನಮ್ಮ ಗೊಬ್ಬರದ ಮಣ್ಣಿನಲ್ಲಿ ಇದೆ ಅನ್ನುವ ಭರವಸೆ ನಮಗಿರಲಿಲ್ಲ. ಗಿಡ ಅದರ ಮನೆಯಲ್ಲೇ ಇರಲಿ ಅಂತ ಬಿಟ್ಟೆವು.

ಇನ್ನೊಂದು ಗಿಡದ ಬೀಜವನ್ನು ಮಾತ್ರ ಕೈಯಲ್ಲಿ ಆರಿಸಿ ತಂದು ಉದುರಿಸಿದೆವು: ಸೊಪುಬಿಯ. ಗುಲಾಬಿ ಹೂವು, ನೂಲಿನಂಥ ಎಲೆ. ನೋಡಲು ಸಾಧು. ನೆಲದೊಳಗೆ ಅದರ ಬೇರು ಹುಲ್ಲಿನ ಬೇರಿಗೆ ಕಚ್ಚಿಕೊಂಡು ನೀರು, ಲವಣ ಕದಿಯುತ್ತದೆ. ಯುರೋಪಿನಲ್ಲಿ ಇದೇ ಕುಟುಂಬದ ರೈನಾಂಥಸ್ ಗಿಡವನ್ನು ಕೊಬ್ಬಿದ ಹುಲ್ಲಿನ ಸೊಕ್ಕು ಮುರಿಯಲು ಬೇಕೆಂದೇ ಬಿತ್ತುತ್ತಾರೆ. ನಮ್ಮಲ್ಲಿ ಈವರೆಗೆ ಹನ್ನೊಂದು ಗಿಡ ಎದ್ದಿವೆ. ಅವುಗಳ ಸುತ್ತ ಹುಲ್ಲು ಕುಳ್ಳಗಿದೆಯಾ ಅಂತ ಅಳೆಯುವಷ್ಟು ಇನ್ನೂ ಆಗಿಲ್ಲ.

ಮೂರನೇ ವರ್ಷ: ಯಾರು ಬಂದರು

ಕೆರೆದ 10 ಮೀಟರ್ ಚೌಕದಲ್ಲಿ ಮೊದಲ ಮಳೆಗೇ ಮೊಳಕೆಗಳು. ನೀರು ನೆಲದ ಮಟ್ಟಕ್ಕಿಂತ ಎರಡು ಬೆರಳು ಕೆಳಗೆ, ಕೆಲವು ಗುಳಿಗಳಲ್ಲಿ ಅಷ್ಟೇ ಮೇಲೆ. ಮೊದಲು ಬಂದದ್ದು ಜೇಕುಗಳು. ಕಾಂಡವನ್ನು ಬೆರಳುಗಳ ನಡುವೆ ಉರುಳಿಸಿ ನೋಡಿ, ಹೆಚ್ಚಿನ ಜೇಕಿಗೆ ಮೂರು ಅಂಚು ಸಿಗುತ್ತದೆ. ಹುಲ್ಲಿನದು ಗುಂಡಗಿದ್ದು ನಡುವೆ ಗೆಣ್ಣು ಇರುತ್ತದೆ. ನಾನು ಗಿಡ ಗುರುತಿಸಲು ಕಲಿತದ್ದು ಹೀಗೇ, ಬೆರಳಿನಿಂದ. ಅಂಚಿನಿಂದ ಒಂದೆಲಗ ಬಳ್ಳಿ ಬಿಟ್ಟುಕೊಂಡು ಒಳಗೆ ನಡೆದು ಬಂತು. ಗುಳಿಗಳಲ್ಲಿ ನೀರುಬ್ರಾಹ್ಮಿ.

ಮಳೆಗಾಲದ ನಡುವೆ ಒಂದು ಬೆಳಿಗ್ಗೆ ಗೆಳೆಯ ಫೋನ್ ಮಾಡಿ "ಬೇಗ ಬಾ" ಅಂದ, ಬೇರೇನೂ ಹೇಳಲಿಲ್ಲ. ಹೋದರೆ ಕೆರೆದ ಜಾಗದಲ್ಲಿ ಉಗುರಿನಷ್ಟು ದೊಡ್ಡ ನೀಲಿ ಹೂವುಗಳು, ನೂಲಿನಂಥ ದಂಟಿನ ಮೇಲೆ. ಯುಟ್ರಿಕ್ಯುಲೇರಿಯ. ಎಲೆ ಹುಡುಕಿದರೂ ಸಿಗುವುದು ಕಷ್ಟ. ಮಣ್ಣಿನೊಳಗೆ ಅದರ ಚೀಲಗಳಿರುತ್ತವೆ, ಕಣ್ಣಿಗೆ ಕಂಡೂ ಕಾಣದಷ್ಟು ಪುಟ್ಟವು. ಒಂದು ಸೂಕ್ಷ್ಮಜೀವಿ ಬಾಗಿಲಿನ ಕೂದಲು ಮುಟ್ಟಿದರೆ ಚೀಲ ಬಾಯ್ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುತ್ತದೆ, ಸೆಕೆಂಡಿನ ಸಾವಿರದ ಒಂದು ಭಾಗಕ್ಕೂ ಕಮ್ಮಿ ಹೊತ್ತಿನಲ್ಲಿ. ಅದರ ಪಕ್ಕದಲ್ಲೇ ಡ್ರಾಸೆರಾ, ನೆಲಕ್ಕಂಟಿದ ಕೆಂಪು ಬಿಲ್ಲೆ, ಎಲೆಯ ಮೇಲೆಲ್ಲ ಅಂಟಿನ ಹನಿ. ಇವು ಹುಳ ತಿನ್ನುವುದು ಮಣ್ಣಿನಲ್ಲಿ ಸಾರಜನಕ, ರಂಜಕ ಸಾಲದು ಅಂತ. ಅಂದರೆ ಈ ಗಿಡಗಳು ಕೆರೆದ ಚೌಕದಲ್ಲಿ ಬಂದು ಕೂತದ್ದೇ ಒಂದು ಮಣ್ಣು ಪರೀಕ್ಷೆಯ ವರದಿ. ಕರಿ ಮಣ್ಣು ಹೋದ ಸಂಕಟ ನನಗೆ ಅವತ್ತು ಹೋಯಿತು. ನಾವಿಬ್ಬರೂ ಒದ್ದೆಯಲ್ಲೇ ಮಲಗಿ ನೋಡಿದೆವು.

ಆಮೇಲೆ ಎರಿಯೊಕಾಲನ್. ಅಂಗಿ ಗುಂಡಿಯಂಥ ಬಿಳಿ ತಲೆ, ಕೆಳಗೆ ನಕ್ಷತ್ರದ ಹಾಗೆ ಹರಡಿದ ಎಲೆ. ಒಂದನ್ನು ಮಾತ್ರ ಮೆಲ್ಲಗೆ ಎತ್ತಿ ಬೇರು ತೊಳೆದು ನೋಡಿದೆ. ಬಿಳಿ ಬೇರಿನ ಮೇಲೆ ಅಡ್ಡಡ್ಡ ಗೆರೆ, ಅಳತೆ ಪಟ್ಟಿಯ ಹಾಗೆ. ಒಳಗೆ ಗಾಳಿಯ ಕೋಣೆಗಳು, ನಡುವೆ ತೆಳು ಗೋಡೆ. ಎಲೆಯಿಂದ ಬೇರಿಗೆ ಗಾಳಿ ಇಳಿಯುವುದು ಇಂಥ ದಾರಿಯಲ್ಲಿ. ಜೌಗಿನ ಗಿಡಗಳಲ್ಲಿ ಬಹಳಷ್ಟು ಈ ಏರ್ಪಾಡು ಮಾಡಿಕೊಂಡಿವೆ. ಜೇಕಿನ ಬೇರನ್ನು ಕಿತ್ತು ನೋಡಿದರೆ ಮೇಲೆ ತುಕ್ಕಿನ ಲೇಪ ಕಾಣುತ್ತದೆ. ಬೇರಿನಿಂದ ಸೋರಿದ ಆಮ್ಲಜನಕ ಸುತ್ತಲಿನ ಕರಗಿದ ಕಬ್ಬಿಣವನ್ನು ಅಲ್ಲಿಯೇ ತುಕ್ಕು ಮಾಡುತ್ತದೆ. ಆ ಲೇಪ ವಿಷವನ್ನು ಬೇರಿನಿಂದ ದೂರ ಇಡುತ್ತದೆ. ಗುಂಡಿಯ ಗೋಡೆಯಲ್ಲಿ ಮೊದಲ ದಿನ ನೋಡಿದ ಕಿತ್ತಳೆ ಗೆರೆಗಳಲ್ಲಿ ಎಷ್ಟೋ ಇಂಥವೇ, ಯಾವತ್ತೋ ಬದುಕಿದ್ದ ಬೇರುಗಳ ಅಚ್ಚು.

ಈಗ ನೀರುಕೊಳವೆಯ ಜೊತೆ ಇನ್ನೊಂದು ಅಳತೆ ಇಟ್ಟಿದ್ದೇವೆ. ಬಣ್ಣ ಹಚ್ಚದ ಸಾದಾ ಕಬ್ಬಿಣದ ಕಂಬಿ, ಉಪ್ಪುಕಾಗದದಿಂದ ಉಜ್ಜಿ ಹೊಳೆಯುವಂತೆ ಮಾಡಿ ಮಣ್ಣಿಗೆ ಚುಚ್ಚುವುದು. ಒಂದು ತಿಂಗಳ ಮೇಲೆ ಎಳೆದು ನೋಡಿದರೆ, ಗಾಳಿಯಿರುವ ಆಳದವರೆಗೆ ಕಿತ್ತಳೆ ತುಕ್ಕು, ಅದರ ಕೆಳಗೆ ಬೂದು ಕಪ್ಪು. ಕೆರೆದ ಚೌಕದಲ್ಲಿ ತುಕ್ಕು 6 ಸೆಂಟಿಮೀಟರ್‌ಗೆ ನಿಂತಿತ್ತು, ಕೆರೆಯದ ಕಡೆ 14ಕ್ಕೆ.

ಎಣಿಕೆ: ಕೆರೆದ ಚೌಕದಲ್ಲಿ ಒಂದು ಮೀಟರ್‌ಗೆ 24 ಜಾತಿ. ಬರೀ ಕೊಯ್ದು, ಹಸಿಹುಲ್ಲು ಹಾಸಿದ ಕಡೆ 15. ಏನೂ ಮಾಡದೆ ಹೋಲಿಕೆಗೆ ಬಿಟ್ಟ ಮೂಲೆಯಲ್ಲಿ ಈಗಲೂ 6. ಎಸ್ಟೋನಿಯಾದ ಲೇಲಾಟು ಅನ್ನುವ ಹುಲ್ಲುಗಾವಲಿನಲ್ಲಿ ಒಂದು ಚದರ ಮೀಟರ್‌ಗೆ 76 ಜಾತಿ ಎಣಿಸಿದ್ದಾರೆ. ಅಂಥ ಜಾಗ ನೂರಾರು ವರ್ಷ ಕೊಯ್ದು, ಕೊಯ್ದು ಆದದ್ದು. ನಮ್ಮ ಮುಂದಿರುವ ಗುರಿ ಪಕ್ಕದ ತುಂಡಿನ 31.

ನೋಡಲು ಬಂದ ಕೆಲವರು ಇಲ್ಲಿ ಮರ ನೆಡೋಣ ಅಂತ ಸಸಿ ಸಮೇತ ಬಂದಿದ್ದರು. ಒಳ್ಳೆಯ ಮನಸ್ಸಿನವರು. ಕೈಮುಗಿದು ಬೇಡ ಅಂದೆ. ಮರದ ಬೇರು ನೀರು ಇಳಿಸುತ್ತದೆ, ನೆರಳು ಇಷ್ಟು ಸಣ್ಣ ಗಿಡಗಳನ್ನೆಲ್ಲ ತೆಗೆದುಬಿಡುತ್ತದೆ. ಇದು ಖಾಲಿ ಜಾಗ ಅಲ್ಲ, ಹುಲ್ಲುಗಾವಲು. ಹಾಗೆ ಹೇಳಿ, ಅವರನ್ನು ಮಂಡಿಯೂರಿಸಿ ಡ್ರಾಸೆರಾ ತೋರಿಸಿದೆ. ಅವರಲ್ಲಿ ಇಬ್ಬರು ಮುಂದಿನ ಕೊಯ್ಲಿಗೆ ಬಂದರು.

ಬಾಕಿ ಕೆಲಸ

ಆಪು ಕೆಳತುದಿಯಲ್ಲಿ ಇನ್ನೂ ಇದೆ. ಅದರ ಎಲೆ ಬೇರಿಗೆ ಗಾಳಿ ಕೊಡುವ ಕೊಳವೆ. ಹಾಗಾಗಿ ನೀರು ನಿಂತಿರುವಾಗ, ನೀರಿನ ಮಟ್ಟಕ್ಕಿಂತ ಕೆಳಗೆ ಕತ್ತರಿಸುತ್ತಿದ್ದೇವೆ. ತುದಿ ಮುಳುಗಿದರೆ ಬೇರುಗಡ್ಡೆಗೆ ಉಸಿರು ಕಟ್ಟುತ್ತದೆ. ಎರಡು ಸಲ ಮಾಡಿದ ಕಡೆ ಅರ್ಧಕ್ಕಿಂತ ಕಮ್ಮಿಯಾಗಿದೆ. ಮೂರನೇ ಕಟ್ಟೆಯಲ್ಲಿ ಏಡಿ ಬಿಲ ತೋಡಿ ಸಣ್ಣ ಸೋರಿಕೆ ಆಗಿದೆ. ಆ ಭಾಗ ಅಗೆದು, ಹೊಸ ಜೇಡಿ ತುಂಬಿ ಕುಟ್ಟಬೇಕು. ಕೊಳವೆ ನಂಬರ್ 4ರಲ್ಲಿ ಎರಡು ವಾರದಿಂದ ನೀರು 9 ಸೆಂಟಿಮೀಟರ್ ಇಳಿದಿದೆ, ಅದಕ್ಕೂ ಇದೇ ಕಾರಣ ಇರಬೇಕು.

ಎರಡನೇ ಚೌಕವನ್ನು ಬೇಸಿಗೆಯಲ್ಲಿ ಕೆರೆಯುತ್ತೇವೆ. ಈ ಸಲ ಅಂಚು ನೇರ ಬೇಡ, ಅಂಕುಡೊಂಕು ಇರಲಿ, ಒಂದು ಬದಿ 10 ಸೆಂಟಿಮೀಟರ್, ಇನ್ನೊಂದು ಬದಿ 20 ಆಳ ಅಂತ ತೀರ್ಮಾನಿಸಿದ್ದೇವೆ. ಅಜ್ಜಿ ಹೋದ ವಾರ ಬಂದು ಒಂದು ಹಿಡಿ ಕೊಯ್ದು ಎಲೆ ಬಿಡಿಸಿ ನೋಡಿದರು. "ಏಳಾಯ್ತು ಮಗಾ" ಅಂದರು.